ಸಾಲುಧೂಪವನ್ನು ಗುರುತಿಸುವುದು, ಹುಡುಕುವುದು, ಬೀಜದಿಂದ ಬೆಳೆಸುವುದು

ಮುಂಗಾರು ಹಿಡಿದ ಹೊಸತರಲ್ಲಿ ಕರಾವಳಿ ಮತ್ತು ಮಲೆನಾಡಿನ ಹಳೆಯ ರಸ್ತೆಗಳಲ್ಲಿ ಓಡಾಡುವವರು, ಡಾಂಬರಿನ ಮೇಲೆ ಚಕ್ರಕ್ಕೆ ಸಿಕ್ಕಿ ಜಜ್ಜಿಹೋದ ದಪ್ಪ ಬೀಜಗಳನ್ನು ಕಂಡಿರುತ್ತಾರೆ. ತಲೆಯೆತ್ತಿ ನೋಡಿದರೆ ಬೂದು ಬಣ್ಣದ ನೆಟ್ಟನೆಯ ಕಾಂಡ, ಮೇಲೆ ದಟ್ಟ ಹಸಿರು ಹಂದರ. ಅದು ಸಾಲುಧೂಪ. ಹಿಂದಿನವರು ದಾರಿಯ ಎರಡೂ ಬದಿಗೆ ನೆಟ್ಟು ಬೆಳೆಸಿದ್ದರಿಂದ ನಮ್ಮಲ್ಲಿ ಹೆಚ್ಚಿನವರಿಗೆ ಇದು ನೆರಳಿನ ಮರವೆಂದೇ ಪರಿಚಯ. ಇದರ ನಿಜವಾದ ನೆಲೆ ಪಶ್ಚಿಮ ಘಟ್ಟದ ಮಳೆಕಾಡು. ಅದನ್ನು ಬಿಟ್ಟರೆ ಪ್ರಪಂಚದ ಬೇರೆ ಯಾವ ಮೂಲೆಯಲ್ಲೂ ಈ ಮರ ತಾನಾಗಿ ಬೆಳೆಯುವುದಿಲ್ಲ.

ಈ ಮರವನ್ನು ಅರ್ಥ ಮಾಡಿಕೊಳ್ಳಬೇಕೆಂದರೆ ಬೀಜದಿಂದ ಹೊರಡಬೇಕು ಎಂಬುದು ನನ್ನ ಅಭಿಪ್ರಾಯ. ಸಾಲುಧೂಪದ ಬೀಜ ಭಾರವಾದದ್ದು, ಅದಕ್ಕೆ ರೆಕ್ಕೆಯಿಲ್ಲ, ಒಣಗಿದರೆ ಸಾಯುತ್ತದೆ. ಬಿದ್ದ ಕೆಲವು ವಾರಗಳೊಳಗೆ ತೇವದ ಮಣ್ಣು ಸಿಗದಿದ್ದರೆ ಮತ್ತೆ ಮೊಳೆಯುವುದಿಲ್ಲ. ಈ ಮರ ಎಲ್ಲಿದೆ, ಎಲ್ಲಿಲ್ಲ, ಒಮ್ಮೆ ಬೋಳಾದ ಗುಡ್ಡಕ್ಕೆ ಏಕೆ ಮರಳಿ ಬರುವುದಿಲ್ಲ, ಹಿತ್ತಲಲ್ಲಿ ಬೆಳೆಸಲು ಹೊರಟವರಿಗೆ ಏಕೆ ಕೈಗೂಡುವುದಿಲ್ಲ ಎಂಬ ಪ್ರಶ್ನೆಗಳಿಗೆಲ್ಲ ಉತ್ತರ ಆ ಬೀಜದಲ್ಲಿಯೇ ಇದೆ.

ಕೆಳಗೆ ಹೇಳುವ ಕೆಲಸಗಳಿಗೆ ಹೆಚ್ಚಿನ ಸಾಮಾನು ಬೇಡ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ಎತ್ತರದ ಕೊಂಬೆ ನೋಡಲು ದುರ್ಬೀನು, ಅಳತೆಪಟ್ಟಿ, ನೋಟ್‌ಪುಸ್ತಕ, ಒಂದು ಗೋಣಿಚೀಲ ಸಾಕು. ಮಳೆಗಾಲದಲ್ಲಿ ಕಾಡಿಗೆ ಹೋಗುವವರು ಉಂಬಳಕ್ಕೆಂದು ಸುಣ್ಣ ಮತ್ತು ಹೊಗೆಸೊಪ್ಪು ಕಟ್ಟಿದ ಬಟ್ಟೆಯ ಗಂಟನ್ನು ಕೋಲಿನ ತುದಿಗೆ ಸಿಕ್ಕಿಸಿಕೊಂಡು ಹೋಗುವುದು ಒಳ್ಳೆಯದು.

ಯಾವ ಧೂಪ ಎಂದು ಮೊದಲು ಖಚಿತಪಡಿಸಿಕೊಳ್ಳಿ

ಊರಲ್ಲಿ "ಧೂಪದ ಮರ ಎಲ್ಲಿದೆ?" ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಮರ ತೋರಿಸುತ್ತಾರೆ. ಕೆಂಡಕ್ಕೆ ಹಾಕಿದರೆ ಸುವಾಸನೆಯ ಹೊಗೆ ಕೊಡುವ ಅಂಟು ಯಾವ ಮರದಿಂದ ಬಂದರೂ ಅದು ಧೂಪವೇ. ಹಾಗಾಗಿ ಹೆಸರನ್ನು ನಂಬದೆ ಎಲೆಯನ್ನು ನೋಡಬೇಕು.

ಘಟ್ಟದ ಕಾಡಿನಲ್ಲಿ ಮುಖ್ಯವಾಗಿ ಮೂರು ಮರಗಳು ಈ ಹೆಸರಿಗೆ ಸಿಗುತ್ತವೆ. ರಾಳಧೂಪ ಅಥವಾ ಕರಿಧೂಪ ಎನ್ನುವುದು ಕನೇರಿಯಂ ಸ್ಟ್ರಿಕ್ಟಮ್. ಇದರ ಎಲೆ ಸಂಯುಕ್ತ, ಅಂದರೆ ಒಂದೇ ಕಡ್ಡಿಯ ಎರಡೂ ಕಡೆ ಹಲವು ಕಿರುಎಲೆಗಳು ಜೋಡಿಜೋಡಿಯಾಗಿ ಇರುತ್ತವೆ. ಕಾಂಡದಿಂದ ಒಸರಿದ ರಾಳ ಗಟ್ಟಿಯಾದಾಗ ಕಪ್ಪಗೆ ಹೊಳೆಯುತ್ತದೆ. ಹಾಲುಮಡ್ಡಿಯ ಮರ ಐಲಾಂಥಸ್ ಟ್ರೈಫೈಸಾ. ಇದರದ್ದೂ ಸಂಯುಕ್ತ ಎಲೆ, ಇನ್ನೂ ಉದ್ದ. ಅಗರಬತ್ತಿ ಉದ್ಯಮಕ್ಕೆ ಹೋಗುವ ಮಡ್ಡಿ ಇದರದ್ದು. ನಾವು ಹುಡುಕುತ್ತಿರುವ ಸಾಲುಧೂಪ ಅಥವಾ ಬಿಳಿಧೂಪ ಮಾತ್ರ ಬಿಡಿ ಎಲೆಯ ಮರ. ಒಂದು ತೊಟ್ಟಿಗೆ ಒಂದೇ ಎಲೆ. ಕೆಳಗೆ ಬಿದ್ದ ಟೊಂಗೆಯೊಂದನ್ನು ಎತ್ತಿಕೊಂಡು ಇಷ್ಟು ನೋಡಿದರೆ ಮೊದಲ ಎರಡು ಮರಗಳನ್ನು ಪಕ್ಕಕ್ಕಿಡಬಹುದು.

ಸಾಲುಧೂಪದ ಸಸ್ಯಶಾಸ್ತ್ರೀಯ ಹೆಸರು ವಟೇರಿಯಾ ಇಂಡಿಕಾ. ಲಿನೇಯಸ್ 1753ರಲ್ಲಿ ಇಟ್ಟ ಹೆಸರು ಇದು. ಅದಕ್ಕೂ ಹಿಂದೆಯೇ, ಹದಿನೇಳನೆಯ ಶತಮಾನದಲ್ಲಿ, ಕೊಚ್ಚಿಯಲ್ಲಿದ್ದ ಡಚ್ ಅಧಿಕಾರಿ ವ್ಯಾನ್ ರೀಡ್ ಮಲಬಾರಿನ ವೈದ್ಯರ ನೆರವಿನಿಂದ ಅಲ್ಲಿನ ಗಿಡಮರಗಳ ವಿವರ ಬರೆಸಿದಾಗ ಈ ಮರವೂ ಚಿತ್ರಸಹಿತ ದಾಖಲಾಗಿತ್ತು. ಮಲಯಾಳಿಗಳು ಇದನ್ನು ವೆಳ್ಳಪೈನ್ ಎನ್ನುತ್ತಾರೆ. ಕೇರಳದ ಕಡೆ ಹುಡುಕಾಡುವಾಗ ಈ ಹೆಸರು ಕೆಲಸಕ್ಕೆ ಬರುತ್ತದೆ.

ಬುಡದಿಂದ ತುದಿಯವರೆಗೆ ನೋಡುವ ಕ್ರಮ

ಮೊದಲು ಕಾಂಡ. ಕಾಡಿನೊಳಗಿನ ದೊಡ್ಡ ಸಾಲುಧೂಪ 30ರಿಂದ 40 ಮೀಟರ್ ಎತ್ತರಕ್ಕೆ ಹೋಗುತ್ತದೆ, ಕೆಳಗಿನ ಅರ್ಧಭಾಗದಲ್ಲಿ ಕೊಂಬೆಯೇ ಇರುವುದಿಲ್ಲ. ತೊಗಟೆ ಬೂದು, ಬಹುಮಟ್ಟಿಗೆ ನುಣುಪು. ಅದರ ಮೇಲೆ ಬಿಳಿ ಮತ್ತು ಹಸಿರು ಮಚ್ಚೆಗಳು ಹರಡಿರುತ್ತವೆ. ಎಲ್ಲಾದರೂ ಹಳೆಯ ಗಾಯವಿದ್ದರೆ ಅದರ ಅಂಚಿನಲ್ಲಿ ಗಟ್ಟಿಯಾದ ರಾಳ ಕಾಣುತ್ತದೆ, ಬಿಳಿಯಿಂದ ತಿಳಿಹಳದಿಯವರೆಗಿನ ಬಣ್ಣ. ಗುರುತಿಸುವ ನೆಪದಲ್ಲಿ ಕತ್ತಿಯಿಂದ ಹೊಸ ಗಾಯ ಮಾಡುವ ಅಗತ್ಯ ಖಂಡಿತ ಇಲ್ಲ. ರಸ್ತೆ ಬದಿಯ ಮರದ ಆಕಾರ ಬೇರೆ: ಸುತ್ತ ಪೈಪೋಟಿಯಿಲ್ಲದ ಕಾರಣ ಅದು ಬೇಗ ಕೊಂಬೆಯೊಡೆದು ಹರಡಿಕೊಳ್ಳುತ್ತದೆ. ಆಕಾರ ಒಂದನ್ನೇ ನೋಡಿ ತೀರ್ಮಾನಕ್ಕೆ ಬರಬೇಡಿ.

ನಂತರ ಎಲೆ. ಇಲ್ಲಿ ನಿಧಾನಿಸಿ, ಏಕೆಂದರೆ ಹೂ-ಕಾಯಿ ಇಲ್ಲದ ತಿಂಗಳುಗಳಲ್ಲಿ ಎಲೆಯೇ ಆಧಾರ. ಎಲೆಗಳು ಕಡ್ಡಿಯ ಮೇಲೆ ಎದುರುಬದುರಾಗಿ ಇರದೆ ಒಂದರ ಮೇಲೊಂದು ಸುತ್ತಿಕೊಂಡು ಹೋಗುತ್ತವೆ. ಉದ್ದ 8ರಿಂದ 27 ಸೆಂಟಿಮೀಟರ್, ಅಗಲ 10 ಸೆಂಟಿಮೀಟರ್‌ವರೆಗೆ. ಚರ್ಮದಂತೆ ದಪ್ಪ, ಅಂಚು ನಯ, ಬುಡ ದುಂಡಗೆ. ನಡುದಿಂಡಿನ ಎರಡೂ ಕಡೆ 13ರಿಂದ 20 ಜೊತೆ ಪಾರ್ಶ್ವನರಗಳು ಹೆಚ್ಚುಕಡಿಮೆ ಸಮಾಂತರವಾಗಿ ಅಂಚಿನತ್ತ ಸಾಗುತ್ತವೆ. ಈಗ ತೊಟ್ಟನ್ನು ಹಿಡಿದು ನೋಡಿ. ಎರಡು-ಮೂರು ಸೆಂಟಿಮೀಟರ್ ಉದ್ದದ ಆ ತೊಟ್ಟು, ಎಲೆಯನ್ನು ಕೂಡುವ ತುದಿಯಲ್ಲಿ ಸ್ಪಷ್ಟವಾಗಿ ಉಬ್ಬಿರುತ್ತದೆ. ಕಣ್ಣಿಗೆ ಕಾಣದಿದ್ದರೂ ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಹೊರಳಿಸಿದರೆ ಆ ಗಂಟು ಬೆರಳಿಗೆ ಸಿಗುತ್ತದೆ. ಎಲೆ ಬೆಳಕಿಗೆ ತಕ್ಕಂತೆ ಓರೆಯಾಗಲು ಅನುವಾಗುವುದು ಈ ಗಂಟಿನಿಂದಲೇ.

ಎಳೆಯ ಕಡ್ಡಿಯನ್ನು ಭೂತಗನ್ನಡಿಯಲ್ಲಿ ನೋಡಿ. ಬರಿಗಣ್ಣಿಗೆ ಕಂದು ಧೂಳಿನಂತೆ ಕಾಣುವುದು ನಿಜವಾಗಿ ರೋಮಗಳು. ಒಂದೊಂದೂ ಒಂದೇ ಬಿಂದುವಿನಿಂದ ಹಲವು ಕಡೆಗೆ ಕವಲೊಡೆದ ನಕ್ಷತ್ರಾಕಾರದ ರೋಮ. ಹೂಗೊಂಚಲಿನ ಮೇಲೂ ಇವು ದಟ್ಟವಾಗಿರುತ್ತವೆ. ಇದನ್ನು ಒಮ್ಮೆ ನೋಡಿದವರು ಮತ್ತೆ ಮರೆಯುವುದಿಲ್ಲ.

ಕೊನೆಗೆ ಎಲೆಯ ತೊಟ್ಟು ಮುರಿದು ಏನು ಒಸರುತ್ತದೆಂದು ನೋಡಿ. ಹಾಲು ಸುರಿದರೆ ಅದು ಹೆಬ್ಬಲಸಿನ ಕಡೆಯ ಮರ ಇರಬಹುದು. ಕಾಂಡದ ಗಾಯದಲ್ಲಿ ಕೆಂಪು ರಸ ಕಂಡರೆ ರಾಮಪತ್ರೆಯ ಕುಟುಂಬ. ಎಲೆಗಳು ಎದುರುಬದುರಾಗಿದ್ದು ನರಗಳು ಕೂದಲೆಳೆಯಷ್ಟು ಒತ್ತೊತ್ತಾಗಿದ್ದರೆ ಅದು ಸುರಹೊನ್ನೆಯ ಬಳಗ. ಸಾಲುಧೂಪದಲ್ಲಿ ಹಾಲೂ ಇಲ್ಲ, ಕೆಂಪೂ ಇಲ್ಲ. ಬೆರಳಿಗೆ ಅಂಟುವ, ಮೂಸಿದರೆ ಧೂಪದ ವಾಸನೆ ಬರುವ ರಾಳ ಮಾತ್ರ.

ದಾಯಾದಿಗಳಿಂದ ಬೇರ್ಪಡಿಸುವುದು

ಸಾಲುಧೂಪದ ಕುಟುಂಬ ಡಿಪ್ಟೆರೊಕಾರ್ಪೇಸಿ. ಎರಡು ರೆಕ್ಕೆಯ ಕಾಯಿಯವು ಎಂಬ ಅರ್ಥದಲ್ಲಿ ಬಂದ ಹೆಸರು. ಮಲೇಷ್ಯಾ, ಬೋರ್ನಿಯೊ, ಸುಮಾತ್ರಾದ ಮಳೆಕಾಡುಗಳನ್ನು ಆಳುವುದು ಇದೇ ಕುಟುಂಬ. ನಮ್ಮ ಕಾಡುಗಳಲ್ಲಿಯೂ ಇದರ ಹಲವು ಮರಗಳಿವೆ, ಎಲ್ಲವೂ ಒಂದೇ ಇಳಿಜಾರಿನಲ್ಲಿ ಸಿಗಬಹುದು.

ಡಿಪ್ಟೆರೊಕಾರ್ಪಸ್ ಇಂಡಿಕಸ್ ಸಾಲುಧೂಪಕ್ಕಿಂತಲೂ ಎತ್ತರಕ್ಕೆ ಹೋಗುವ ಮರ. ಇದರ ಕಡ್ಡಿಯನ್ನು ನೋಡಿದರೆ ಎಲೆಯ ಬುಡದಲ್ಲಿ ಸುತ್ತಲೂ ಉಂಗುರದಂತಹ ಗುರುತು ಇರುತ್ತದೆ, ಎಳೆಮೊಗ್ಗನ್ನು ಮುಚ್ಚಿದ್ದ ದೊಡ್ಡ ಉಪಪತ್ರ ಉದುರಿದ ಜಾಗ ಅದು. ಕಾಯಿಗೆ ಉದ್ದನೆಯ ಎರಡು ರೆಕ್ಕೆ. ಕಿರಾಲುಬೋಗಿ ಎನ್ನುವ ಹೋಪಿಯಾ ಪಾರ್ವಿಫ್ಲೋರಾ ಮತ್ತು ಹೈಗ ಎನ್ನುವ ಹೋಪಿಯಾ ಪೊಂಗಾ, ಇವೆರಡರದ್ದೂ ಚಿಕ್ಕ ಕಾಯಿ, ಅವಕ್ಕೂ ಎರಡು ರೆಕ್ಕೆ.

ಹೈಗದ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ಅದರ ಕೊಂಬೆಗಳಲ್ಲಿ ಮೈತುಂಬ ಮುಳ್ಳಿರುವ ದುಂಡನೆಯ ಉಂಡೆಗಳು ಗೊಂಚಲಾಗಿ ನೇತಾಡುತ್ತವೆ. ಹೊಸಬರು ಅದನ್ನೇ ಕಾಯಿ ಎಂದು ಬರೆದುಕೊಳ್ಳುತ್ತಾರೆ. ಅದು ಕಾಯಲ್ಲ, ಮಂಗಳೂರಿಯಾ ಹೋಪಿಯೆ ಎಂಬ ಹೀರುಕೀಟ ಮರದಲ್ಲಿ ಎಬ್ಬಿಸುವ ಗಂಟು. ಒಂದನ್ನು ಸೀಳಿ ನೋಡಿದರೆ ಒಳಗೆ ಬೀಜ ಇರುವುದಿಲ್ಲ. ಮಂಗಳೂರಿನ ಹೆಸರು ಹೊತ್ತ ಈ ಕೀಟ ಇರುವ ಮರ ಕಂಡರೆ ಅದು ಹೈಗ ಎಂದು ತಿಳಿದು ಮುಂದೆ ಹೋಗಬಹುದು.

ಕುಟುಂಬದ ಹೆಸರಲ್ಲಿ ರೆಕ್ಕೆಯಿದ್ದರೂ ಸಾಲುಧೂಪಕ್ಕೆ ರೆಕ್ಕೆಯಿಲ್ಲ. ಕಾಯಿ ಕೋಳಿಮೊಟ್ಟೆಯ ಗಾತ್ರದ್ದು, ತಿಳಿಕಂದು ಬಣ್ಣ, ಆರು ಸೆಂಟಿಮೀಟರ್‌ವರೆಗೆ ಉದ್ದ. ಹೂವಿನ ಹೊರಸುತ್ತಿನ ಎಸಳುಗಳಾದ ಪುಷ್ಪಪತ್ರಗಳು ಬೆಳೆದು ರೆಕ್ಕೆಯಾಗುವ ಬದಲು ಕಾಯಿಯ ಬುಡದಲ್ಲಿ ಹಿಂದಕ್ಕೆ ಮಡಚಿಕೊಂಡು ಉಳಿಯುತ್ತವೆ. ಬಲಿತ ಕಾಯಿ ಮೂರು ಹೋಳಾಗಿ ಬಿರಿಯುತ್ತದೆ, ಒಳಗಿರುವುದು ಒಂದೇ ಬೀಜ.

ಯಾವ ತಿಂಗಳು ಏನು ಸಿಗುತ್ತದೆ

ಹೂ ನೋಡಬೇಕೆಂದರೆ ಜನವರಿಯಿಂದ ಏಪ್ರಿಲ್ ಒಳಗೆ ಹೋಗಬೇಕು. ಕೊಂಬೆಯ ತುದಿಗಳಲ್ಲಿ ದೊಡ್ಡ ಗೊಂಚಲು, ಐದು ದಳದ ಬಿಳಿ ಹೂ, ನಡುವೆ ಹಳದಿ ಕೇಸರಗಳ ಗುಂಪು. ಸುವಾಸನೆ ದೂರಕ್ಕೂ ಬರುತ್ತದೆ. ಜೇನು ಮುತ್ತುವ ಸದ್ದನ್ನು ಹಿಂಬಾಲಿಸಿಯೇ ಎಷ್ಟೋ ಸಲ ಮರ ಪತ್ತೆಯಾಗುತ್ತದೆ. ಚಿಗುರು ಬಂದಾಗ ಎಳೆ ಎಲೆಗಳ ಕೆಂಪು ಬಣ್ಣ ದುರ್ಬೀನಿನಲ್ಲಿ ಚೆನ್ನಾಗಿ ಕಾಣುತ್ತದೆ. ಕಾಯಿ ಬಲಿತು ಬೀಳುವುದು ಮೇ ಕೊನೆಯಿಂದ ಜುಲೈವರೆಗೆ, ರೋಹಿಣಿ ಮಳೆಯಿಂದ ಪುನರ್ವಸುವಿನ ನಡುವೆ. ಎಲ್ಲ ವರ್ಷವೂ ಒಂದೇ ಸಮನೆ ಕಾಯಿ ಹಿಡಿಯುವುದಿಲ್ಲ. ಹೂ ಹೆಚ್ಚಾದ ವರ್ಷವನ್ನು ಮಾರ್ಚ್‌ನಲ್ಲೇ ಗುರುತು ಹಾಕಿಕೊಂಡರೆ ಜೂನ್ ಕೆಲಸಕ್ಕೆ ತಯಾರಾಗಿರಬಹುದು.

ಎಲ್ಲಿ ಹುಡುಕಬೇಕು, ಏಕೆ ಅಲ್ಲಿಯೇ

ಕಾಡುಮರವಾಗಿ ಸಾಲುಧೂಪ ಕೇರಳ, ಕರ್ನಾಟಕ ಮತ್ತು ತಮಿಳುನಾಡಿಗೆ ಸೇರಿದ ಘಟ್ಟಗಳಲ್ಲಿ ಇದೆ. ತಗ್ಗಿನ ಕಾಡಿನಿಂದ ಸುಮಾರು 1,200 ಮೀಟರ್ ಎತ್ತರದವರೆಗೆ ಸಿಗುತ್ತದೆ, ಆದರೆ ಇದರ ನಿಜವಾದ ದಟ್ಟಣೆ ಘಟ್ಟದ ಪಶ್ಚಿಮದ ಇಳಿಜಾರುಗಳಲ್ಲಿ. ನಮ್ಮ ರಾಜ್ಯದಲ್ಲಿ ಮಾಕುಟ್ಟ, ಪುಷ್ಪಗಿರಿ-ಸುಬ್ರಹ್ಮಣ್ಯ, ಬಿಸಿಲೆ, ಕುದುರೆಮುಖದ ಕೆಳಭಾಗ, ಸೋಮೇಶ್ವರ-ಆಗುಂಬೆ, ಈ ಸಾಲಿನಲ್ಲಿ ಹುಡುಕಿದರೆ ನಿರಾಸೆಯಾಗುವುದಿಲ್ಲ. ಕೊಡಗಿನ ತಪ್ಪಲಿನ ಉಪ್ಪಂಗಳದಲ್ಲಿ ಪಾಂಡಿಚೇರಿಯ ಫ್ರೆಂಚ್ ಸಂಸ್ಥೆ ಮೂರು ದಶಕಕ್ಕೂ ಮಿಕ್ಕಿ ಮರಗಳಿಗೆ ಸಂಖ್ಯೆ ಹಾಕಿ ಅಳೆಯುತ್ತ ಬಂದಿದೆ. ವರ್ಷಕ್ಕೆ 5,000 ಮಿಲಿಮೀಟರ್ ಮಳೆ ಬೀಳುವ ಆ ಕಾಡಿನ ಮೇಲಂತಸ್ತಿನಲ್ಲಿ ಎದ್ದು ಕಾಣುವ ಮರಗಳಲ್ಲಿ ಸಾಲುಧೂಪವೇ ಮುಖ್ಯ.

ಉತ್ತರಕ್ಕೆ ಹೋದಂತೆ ಮರ ವಿರಳವಾಗುತ್ತ ಹೋಗುತ್ತದೆ. ಇದಕ್ಕೆ ಮಳೆ ಕಡಿಮೆ ಎಂಬ ಕಾರಣ ಕೊಡುವವರಿದ್ದಾರೆ. ಅದು ಸರಿಯಲ್ಲ. ಕೊಂಕಣದಲ್ಲಿಯೂ ಮಹಾರಾಷ್ಟ್ರದ ಘಟ್ಟಗಳಲ್ಲಿಯೂ ಮಳೆ ಧಾರಾಳವಾಗಿಯೇ ಬೀಳುತ್ತದೆ. ಬದಲಾಗುವುದು ಬೇಸಿಗೆಯ ಉದ್ದ. ಕೇರಳದ ದಕ್ಷಿಣ ತುದಿಯಲ್ಲಿ ಒಣ ತಿಂಗಳು ಎರಡೋ ಮೂರೋ. ಮುಂಬಯಿಯ ಕಡೆ ಹೋಗುವಷ್ಟರಲ್ಲಿ ಅದು ಏಳೆಂಟಾಗುತ್ತದೆ. ಜೂನ್‌ನಲ್ಲಿ ಮೊಳೆತ ಸಸಿ ಅಷ್ಟು ದೀರ್ಘ ಒಣಗಾಲವನ್ನು ದಾಟಿ ಮುಂದಿನ ಮಳೆ ನೋಡಬೇಕಲ್ಲ. ಆದ್ದರಿಂದ ನಿಮ್ಮ ಊರಿನಲ್ಲಿ ಈ ಮರ ಬರುತ್ತದೆಯೇ ಎಂದು ತಿಳಿಯಲು ಒಟ್ಟು ಮಳೆಯ ಲೆಕ್ಕ ಸಾಲದು, ಮಳೆ ಇಲ್ಲದ ತಿಂಗಳುಗಳನ್ನು ಎಣಿಸಿ. ಘಟ್ಟದಿಂದ ಪೂರ್ವಕ್ಕೆ ಸರಿದು ಬಯಲುಸೀಮೆಯ ಕಡೆ ಬಂದರೆ ಮರ ಸಿಗದಿರುವುದೂ ಇದೇ ಲೆಕ್ಕದಿಂದ.

ಎರಡನೆಯ ಕಾರಣ ಬೀಜದ್ದು. ರೆಕ್ಕೆಯಿರುವ ಕಾಯಿಯನ್ನು ಗಾಳಿ ಒಂದಿಷ್ಟು ದೂರ ಒಯ್ಯುತ್ತದೆ. ಇದರ ಕಾಯಿ ಬೀಳುವುದು ತಾಯಿಮರದ ಬುಡಕ್ಕೇ, ಹೆಚ್ಚೆಂದರೆ ಇಳಿಜಾರಿನಲ್ಲಿ ಉರುಳುತ್ತದೆ ಅಥವಾ ಹಳ್ಳದ ನೀರಿನಲ್ಲಿ ಸ್ವಲ್ಪ ಸಾಗುತ್ತದೆ. ಹೀಗಾಗಿ ಕಾಡು ಕಡಿದು ಬೋಳಾದ ಗುಡ್ಡದ ಆಚೆ ನೂರು ಮರಗಳಿದ್ದರೂ ಈಚೆಯ ಗುಡ್ಡಕ್ಕೆ ಬರಲಾರವು. ಎಲ್ಲೋ ಗದ್ದೆಯ ನಡುವಿನ ಬನದಲ್ಲಿ, ಕೊಡಗಿನ ದೇವರಕಾಡಿನಲ್ಲಿ, ಕಾಫಿ ತೋಟದ ಮೂಲೆಯಲ್ಲಿ ಹಳೆಯ ಸಾಲುಧೂಪ ಒಂಟಿಯಾಗಿ ನಿಂತಿದ್ದರೆ, ನೆಟ್ಟದ್ದಲ್ಲ ಎಂದಾದರೆ, ಅಲ್ಲಿ ಹಿಂದೆ ಮಳೆಕಾಡು ಇತ್ತೆಂಬುದಕ್ಕೆ ಅದು ಸಾಕ್ಷಿ.

ಇನ್ನೂ ದೂರದ ನಕ್ಷೆಯೂ ಇದರೊಡನೆ ಹೊಂದಿಕೊಳ್ಳುತ್ತದೆ. ಇದರ ಹತ್ತಿರದ ಬಂಧು ವಟೇರಿಯಾ ಮ್ಯಾಕ್ರೊಕಾರ್ಪಾ ಕೇರಳದ ಪಾಲಕ್ಕಾಡು ಕಡೆಯ ಕಾಡುಗಳಲ್ಲಿ ಮಾತ್ರ ಇದೆ. ಇನ್ನೊಂದು ಬಂಧು ಶ್ರೀಲಂಕಾದಲ್ಲಿದೆ, ಸಿಂಹಳೀಯರು ಅದನ್ನು ಹಾಲ್ ಎನ್ನುತ್ತಾರೆ, ಅದರ ಬೀಜದ ಹಿಟ್ಟನ್ನು ತಿನ್ನುತ್ತಾರೆ. ಮತ್ತೊಂದು, ವಟೇರಿಯಾಪ್ಸಿಸ್, ಸಮುದ್ರದಾಚೆ ಸೇಶೆಲ್ಸ್‌ನ ಮಾಹೆ ದ್ವೀಪದಲ್ಲಿ ಅಳಿವಿನಂಚಿನಲ್ಲಿ ಉಳಿದಿದೆ. ಒಣಗಿದರೆ ಸಾಯುವ ಬೀಜ ಸಾವಿರಾರು ಕಿಲೋಮೀಟರ್ ಸಮುದ್ರ ದಾಟಿತೆಂದು ನಂಬುವುದು ಕಷ್ಟ. ಆಫ್ರಿಕಾ, ಸೇಶೆಲ್ಸ್, ಭಾರತ ಹತ್ತಿರವಿದ್ದ ಕಾಲದಲ್ಲಿ ಈ ಕುಟುಂಬದ ಪೂರ್ವಜರು ನೆಲದ ಮೂಲಕವೇ ಬಂದಿರಬೇಕು ಎಂಬ ವಾದಕ್ಕೆ ಬಲ ಹೆಚ್ಚು. ಗುಜರಾತಿನ ಸೂರತ್ ಜಿಲ್ಲೆಯ ವಸ್ತಾನ್ ಲಿಗ್ನೈಟ್ ಗಣಿಯಲ್ಲಿ 5 ಕೋಟಿ ವರ್ಷ ಹಳೆಯ ಶಿಲಾರಾಳ ಸಿಕ್ಕಿದೆ, ಒಳಗೆ ಕೀಟಗಳು ಸಿಕ್ಕಿಬಿದ್ದಿವೆ. 2010ರಲ್ಲಿ ಪ್ರಕಟವಾದ ಅಧ್ಯಯನ ಅದು ಡಿಪ್ಟೆರೊಕಾರ್ಪ್ ಮರಗಳದೇ ರಾಳ ಎಂದು ತೋರಿಸಿತು. ಇಂದು ಮುಳ್ಳುಪೊದೆ ಬೆಳೆಯುವ ನಾಡಿನಲ್ಲಿ ಒಮ್ಮೆ ಧೂಪದ ಬಂಧುಗಳ ಮಳೆಕಾಡಿತ್ತು.

ಕಂಡದ್ದನ್ನು ದಾಖಲಿಸಿ

ಜೀವಿಗಳ ಚಿತ್ರ ಮತ್ತು ವಿವರ ದಾಖಲಿಸುವ ಜಾಲತಾಣಗಳಾದ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್ ಅಥವಾ ಐನ್ಯಾಚುರಲಿಸ್ಟ್‌ಗೆ ಹಾಕುವುದಾದರೆ ಮರದ ದೂರದ ಚಿತ್ರ ಒಂದೇ ಸಾಲದು. ತೊಗಟೆ, ಎಲೆಯ ಮೇಲ್ಮೈ ಮತ್ತು ಕೆಳಮೈ, ತೊಟ್ಟಿನ ಗಂಟು, ಸಿಕ್ಕರೆ ಹೂ ಅಥವಾ ಕಾಯಿ, ಪ್ರತಿಯೊಂದಕ್ಕೂ ಬೇರೆ ಚಿತ್ರ ತೆಗೆಯಿರಿ. ಎದೆಯೆತ್ತರದ ಸುತ್ತಳತೆ ಬರೆಯಿರಿ. ಎಲ್ಲಕ್ಕಿಂತ ಮುಖ್ಯವಾಗಿ ಮರ ನೆಟ್ಟದ್ದೋ ತಾನಾಗಿ ಬೆಳೆದದ್ದೋ ಎಂದು ನಮೂದಿಸಿ. ರಸ್ತೆಬದಿಯ ಸಾಲುಮರವನ್ನು ಕಾಡುಮರವೆಂದು ದಾಖಲಿಸಿದರೆ ಹರವಿನ ನಕ್ಷೆಯೇ ಕೆಡುತ್ತದೆ. ಸಮಾನ ಅಂತರದಲ್ಲಿ, ಹೆಚ್ಚುಕಡಿಮೆ ಒಂದೇ ಸುತ್ತಳತೆಯಲ್ಲಿ ನಿಂತಿದ್ದರೆ ಅದು ನೆಟ್ಟ ಸಾಲು. ಬುಡದಲ್ಲಿ ಬೇರೆಬೇರೆ ವಯಸ್ಸಿನ ಸಸಿಗಳಿದ್ದರೆ, ಸುತ್ತ ರಾಮಪತ್ರೆ, ಹೈಗದಂತಹ ಕಾಡುಮರಗಳಿದ್ದರೆ ಅದು ಕಾಡಿನದು.

ರಾಳ ಮತ್ತು ಬೀಜದ ತುಪ್ಪ

ಈ ಮರಕ್ಕೆ ಬಂದ ಕಷ್ಟಗಳಲ್ಲಿ ಅರ್ಧ ಅದರ ಉಪಯೋಗಗಳಿಂದಲೇ ಬಂದದ್ದು. ಮರ ಹಗುರ, ನೇರ, ಸಿಪ್ಪೆಯಂತೆ ಹಾಳೆ ತೆಗೆಯಲು ಸುಲಭ. ಹೀಗಾಗಿ ಪ್ಲೈವುಡ್ ಕಾರ್ಖಾನೆಗಳಿಗೂ ಚಹಾ ಪೆಟ್ಟಿಗೆಗಳಿಗೂ ದೊಡ್ಡ ಪ್ರಮಾಣದಲ್ಲಿ ಹೋಯಿತು. ಐಯುಸಿಎನ್‌ನ ಕೆಂಪುಪಟ್ಟಿಗೂ, ಅಂದರೆ ಅಳಿವಿನ ಅಪಾಯವಿರುವ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಗೂ, ಸೇರಿತು. ರಾಳಕ್ಕಾಗಿ ಕಾಂಡಕ್ಕೆ ಕಚ್ಚು ಹಾಕುತ್ತಾರೆ. ಆಳವಾಗಿ ಸುತ್ತಲೂ ಕಡಿದರೆ ಅಥವಾ ಬುಡಕ್ಕೆ ಬೆಂಕಿ ಹಾಕಿದರೆ ಮರ ಸೊರಗುತ್ತದೆ. ನಿಮ್ಮ ಜಮೀನಿನಲ್ಲಿ ಮರವಿದ್ದು ಮನೆಯ ಪೂಜೆಗೆ ಒಂದಿಷ್ಟು ಧೂಪ ಬೇಕಿದ್ದರೆ ಹಳೆಯ ಗಾಯದಿಂದ ತಾನಾಗಿ ಒಸರಿ ಗಟ್ಟಿಯಾದದ್ದನ್ನು ಕಿತ್ತುಕೊಳ್ಳಿ, ಅದೇ ಸಾಕಾಗುತ್ತದೆ.

ಬೀಜದಿಂದ ತುಪ್ಪ ತೆಗೆಯುವ ವಿಧಾನ ಹಳೆಯದು. ಮಳೆಗಾಲದಲ್ಲಿ ಬಿಸಿಲು ಸಿಗದ ಕಾರಣ ಆಯ್ದ ಬೀಜವನ್ನು ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಿ, ಪುಡಿ ಮಾಡಿ, ನೀರಿನಲ್ಲಿ ಕುದಿಸುತ್ತಾರೆ. ಮೇಲೆ ತೇಲಿದ ಕೊಬ್ಬು ತಣಿದಾಗ ಹೆಪ್ಪುಗಟ್ಟುತ್ತದೆ. ದೀಪಕ್ಕೆ, ಮೇಣದ ಬತ್ತಿಗೆ, ಸಾಬೂನಿಗೆ ಇದನ್ನು ಬಳಸುತ್ತಿದ್ದರು. ಈಗ ಕೋಕೋ ಬೆಣ್ಣೆಗೆ ಪೂರಕವಾಗಿಯೂ ಬೇಡಿಕೆಯಿದೆ. ಬೀಜ ಆಯುವುದನ್ನೇ ಆದಾಯವಾಗಿ ನಂಬಿದ ಕಾಡಂಚಿನ ಕುಟುಂಬಗಳಿಗೆ ಆಯಬೇಡಿ ಎನ್ನುವುದು ನ್ಯಾಯವಲ್ಲ. ಆದರೆ ಒಂದು ಮರದ ಬುಡವನ್ನು ಪೂರ್ತಿ ಬಳಿದು ತೆಗೆಯದೆ, ಇಳಿಜಾರಿನ ಕೆಳಬದಿಯ ಬೀಜವನ್ನು ಹಾಗೆಯೇ ಬಿಡುವ ಪದ್ಧತಿ ಇಟ್ಟುಕೊಂಡರೆ ಕಾಡಿಗೂ ಪಾಲು ಉಳಿಯುತ್ತದೆ.

ಬೀಜ ಆಯುವುದು

ಸಸಿ ಮಾಡಲು ಬೀಜ ಬೇಕಾದವರು ಕಾಡಿಗೆ ಹೋಗಲೇಬೇಡಿ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳಿಂದ ಅನುಮತಿಯಿಲ್ಲದೆ ಏನನ್ನೂ ತರುವಂತಿಲ್ಲ ಎಂಬ ಕಾನೂನು ಒಂದು ಕಡೆ. ರಸ್ತೆಬದಿಯ ಮರಗಳ ಬೀಜ ಹೇಗೂ ಚಕ್ರದಡಿ ಹಾಳಾಗುತ್ತದೆ ಎಂಬುದು ಇನ್ನೊಂದು ಕಡೆ. ಬೆಳಿಗ್ಗೆ ವಾಹನ ಹೆಚ್ಚಾಗುವ ಮುಂಚೆ ಹೋದರೆ ಒಂದೇ ಸಾಲಿನ ಕೆಳಗೆ ಬೇಕಾದಷ್ಟು ಸಿಗುತ್ತದೆ.

ಹಿಂದಿನ ರಾತ್ರಿ ಬಿದ್ದ ಹೊಸ ಬೀಜಕ್ಕೆ ತೂಕವಿರುತ್ತದೆ, ಒತ್ತಿದರೆ ಬಗ್ಗುವುದಿಲ್ಲ. ಸಣ್ಣ ತೂತಿದ್ದರೆ ಹುಳು ಒಳಗಿದೆ. ಸಿಪ್ಪೆ ಬಿರಿದು ಮೊಳಕೆಯ ತುದಿ ಇಣುಕುತ್ತಿದ್ದರೆ ಹೆದರಬೇಡಿ, ಅದು ಎಲ್ಲಕ್ಕಿಂತ ಒಳ್ಳೆಯ ಬೀಜ; ಆ ಬಿಳಿ ತುದಿ ಮುರಿಯದಂತೆ ಎತ್ತಿಕೊಳ್ಳಿ. ಒಂದೇ ಮರದ ಬೀಜ ತುಂಬಿಕೊಳ್ಳದೆ, ದೂರದೂರದ ಹಲವು ಮರಗಳಿಂದ ಸ್ವಲ್ಪಸ್ವಲ್ಪ ಆಯ್ದು ಬೆರೆಸಿ. ಗೋಣಿಚೀಲವನ್ನು ನೆನೆಸಿ, ಹಿಂಡಿ, ಅದರಲ್ಲಿ ತನ್ನಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಬೆವರಿ ಬೂಷ್ಟು ಹಿಡಿಯುತ್ತದೆ, ಬಿಸಿಲಲ್ಲಿ ಹರಡಿದರೆ ಸಾಯುತ್ತದೆ. ಫ್ರಿಜ್‌ನಲ್ಲಿಟ್ಟು ಮುಂದಿನ ವರ್ಷಕ್ಕೆ ಉಳಿಸಿಕೊಳ್ಳುವ ಆಸೆ ಬೇಡ. ಹುರುಳಿ, ರಾಗಿಯ ಬೀಜದಂತೆ ಇದನ್ನು ಕಾಪಿಡಲು ಸಾಧ್ಯವಿಲ್ಲ. ಆಯ್ದ ದಿನ ಅಥವಾ ಮರುದಿನ ಮಣ್ಣಿಗೆ ಸೇರಲೇಬೇಕು.

ಹೊರಡುವ ಮುನ್ನ ಮರದ ಬುಡದಿಂದ ತರಗೆಲೆ ಸರಿಸಿ, ಕೆಳಗಿನ ಕಪ್ಪು ಮಣ್ಣನ್ನು ಒಂದು ಬುಟ್ಟಿಯಷ್ಟು ತನ್ನಿ. ಆ ಮಣ್ಣಿನಲ್ಲಿ ಕೂದಲಿನಂತಹ ಬೇರುಗಳ ತುದಿ ತುಸು ಉಬ್ಬಿ, ಮೇಲೆ ತೆಳುವಾದ ಲೇಪವಿರುವುದು ಭೂತಗನ್ನಡಿಯಲ್ಲಿ ಕಾಣುತ್ತದೆ. ಅದು ಬೇರಿನೊಡನೆ ಬದುಕುವ ಶಿಲೀಂಧ್ರ. ಮಳೆಗಾಲದಲ್ಲಿ ಈ ಮರಗಳ ಬುಡದಲ್ಲಿ ಏಳುವ ಅಣಬೆಗಳಲ್ಲಿ ಹಲವು ಇವೇ ಶಿಲೀಂಧ್ರಗಳವು. ಮಣ್ಣಿನ ನೀರು ಮತ್ತು ರಂಜಕವನ್ನು ಮರಕ್ಕೆ ತಲುಪಿಸಲು ಇವು ನೆರವಾಗುತ್ತವೆ, ಪ್ರತಿಯಾಗಿ ಮರದಿಂದ ಸಕ್ಕರೆ ಪಡೆಯುತ್ತವೆ. ಬೇರೆ ಊರಿನ ಗೋಡುಮಣ್ಣಿನಲ್ಲಿ ಇದು ಇರುವುದಿಲ್ಲ, ನೀವೇ ತಂದು ಬೆರೆಸಬೇಕು.

ಸಸಿಮಡಿ

ಚೀಲ ಉದ್ದವಾಗಿರಲಿ, ಬೀಜ ದೊಡ್ಡದು, ಬೇರು ನೇರ ಕೆಳಗಿಳಿಯುತ್ತದೆ. ಕೆಂಪುಮಣ್ಣು, ಮರಳು, ಚೆನ್ನಾಗಿ ಕಳಿತ ಕೊಟ್ಟಿಗೆಗೊಬ್ಬರ ಬೆರೆಸಿ, ಪ್ರತಿ ಚೀಲಕ್ಕೂ ತಾಯಿಮರದ ಬುಡದ ಮಣ್ಣನ್ನು ಒಂದು ಹಿಡಿ ಸೇರಿಸಿ. ಬೀಜವನ್ನು ಅಡ್ಡಲಾಗಿ ಇಟ್ಟು, ಮೇಲೆ ಒಂದು ಬೆರಳ ದಪ್ಪ ಮಣ್ಣು ಮುಚ್ಚಿದರೆ ಸಾಕು. ಮೊಳಕೆ ಬಂದ ಬೀಜವಾದರೆ ಬೇರಿನ ತುದಿ ಕೆಳಮುಖವಾಗಿರಲಿ. ಶಿಲೀಂಧ್ರನಾಶಕವನ್ನು ಮಣ್ಣಿಗೆ ಸುರಿಯಬೇಡಿ, ಬೇಕಾದ ಶಿಲೀಂಧ್ರವೂ ಸಾಯುತ್ತದೆ. ರಾಸಾಯನಿಕ ಗೊಬ್ಬರದ ಅಗತ್ಯವೂ ಮೊದಲ ವರ್ಷ ಇಲ್ಲ.

ಅಡಿಕೆಯ ಸೋಗೆಯ ಚಪ್ಪರ ಇದಕ್ಕೆ ಹೇಳಿ ಮಾಡಿಸಿದಂತಿದೆ. ಜಡಿಮಳೆಯ ಹೊಡೆತ ತಡೆಯುತ್ತದೆ, ಬೆಳಕನ್ನು ಸೋಸಿ ಬಿಡುತ್ತದೆ. ನೀರು ನಿಲ್ಲದಂತೆ ಚೀಲದ ಕೆಳಗೆ ಜಲ್ಲಿ ಹರಡಿ. ಮಳೆ ನಿಂತ ಮೇಲೆ, ವಿಶೇಷವಾಗಿ ಫೆಬ್ರವರಿಯಿಂದ ಮೇವರೆಗೆ, ಒಂದು ದಿನವೂ ಮಣ್ಣು ಪೂರ್ತಿ ಒಣಗಬಾರದು. ಈ ನಾಲ್ಕು ತಿಂಗಳಲ್ಲಿಯೇ ಹೆಚ್ಚಿನ ಸಸಿಗಳು ಕೈಬಿಡುತ್ತವೆ.

ನೆಡುವುದು

ಒಂದು ಬೇಸಿಗೆ ದಾಟಿದ ಸಸಿಯನ್ನು ಮೃಗಶಿರಾ ಅಥವಾ ಆರಿದ್ರಾ ಮಳೆಯಲ್ಲಿ ನೆಡಿ. ಬಯಲಿನಲ್ಲಿ ನೆಟ್ಟರೆ ಎಲೆ ಸುಟ್ಟುಹೋಗುತ್ತದೆ. ಇದು ನೆರಳಲ್ಲಿ ಹುಟ್ಟಿ, ನೆರಳಲ್ಲಿ ಕಾದು, ಮೇಲೆ ಜಾಗ ತೆರೆದಾಗ ಏರುವ ಮರ. ಹಳೆಯ ಹಾಡಿಯ ಅಂಚು, ಸೊಪ್ಪಿನ ಬೆಟ್ಟ, ಹಳ್ಳದ ದಡ, ಅಡಿಕೆ ತೋಟದ ಬದಿ, ಕಾಫಿ ತೋಟದಲ್ಲಿ ಸಿಲ್ವರ್ ಓಕ್ ತೆಗೆದ ಜಾಗ, ಇವೆಲ್ಲ ಆಗುತ್ತವೆ. ಬೋಳು ಗುಡ್ಡವೇ ಇದ್ದರೆ ಮೊದಲು ಬೇಗ ಬೆಳೆಯುವ ಸ್ಥಳೀಯ ಮರಗಳನ್ನು ನೆಟ್ಟು, ಅವು ನೆರಳು ಕೊಟ್ಟ ಮೇಲೆ ಸಾಲುಧೂಪವನ್ನು ಒಳಗೆ ಸೇರಿಸಿ. ಮೊದಲ ವರ್ಷಗಳ ಬೆಳವಣಿಗೆ ನಿಧಾನ, ಅದಕ್ಕೆ ಬೇಸರಿಸಬೇಡಿ. ಬುಡಕ್ಕೆ ದರಗು ದಪ್ಪವಾಗಿ ಹೊದೆಸಿ, ದನ ಮೇಯದಂತೆ ಬೇಲಿ ಕಟ್ಟಿ, ಬೇಸಿಗೆಯ ಬೆಂಕಿ ನುಗ್ಗದಂತೆ ಸುತ್ತ ಹುಲ್ಲು ಹೆರೆದಿಡಿ.

ಹಳೆಯ ಸಾಲುಗಳ ವಿಷಯದಲ್ಲಿ ಒಂದು ಮಾತು. ಹೆದ್ದಾರಿ ಅಗಲ ಮಾಡುವಾಗ ಮೊದಲು ಉರುಳುವುದು ಇವೇ ಮರಗಳು, ನಮ್ಮೆಲ್ಲರ ಬೀಜದ ಮೂಲವೂ ಇವೇ. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ, 1976ರ ಪ್ರಕಾರ ಮರ ಕಡಿಯಲು ವೃಕ್ಷ ಅಧಿಕಾರಿಯ ಅನುಮತಿ ಬೇಕು, 50ಕ್ಕಿಂತ ಹೆಚ್ಚು ಮರಗಳಿದ್ದರೆ ಸಾರ್ವಜನಿಕರ ಆಕ್ಷೇಪಣೆಯನ್ನೂ ಕರೆಯಬೇಕು. ಆ ಪ್ರಕಟಣೆ ಬಂದಾಗ ಮರದ ಸುತ್ತಳತೆ, ಸಂಖ್ಯೆ, ಚಿತ್ರಗಳಿರುವ ನಿಮ್ಮ ದಾಖಲೆ ಬರಿಯ ಮನವಿಗಿಂತ ಹೆಚ್ಚು ತೂಗುತ್ತದೆ. ಮರ ಉಳಿಯದಿದ್ದರೂ ಆ ವರ್ಷದ ಬೀಜವನ್ನಾದರೂ ಆಯ್ದು ತರಬಹುದು.

ಸಸಿ ಹೆಚ್ಚಾದರೆ ಜುಲೈ ಮುಗಿಯುವುದರೊಳಗೆ ಹಂಚಿಬಿಡಿ. ಚೀಲದ ಮಣ್ಣು ಒಡೆಯದಂತೆ ಕೊಡಿ, ಯಾವ ಸಾಲಿನ ಮರದ ಬೀಜ ಎಂದು ಚೀಟಿ ಕಟ್ಟಿ ಕೊಡಿ. ತೆಗೆದುಕೊಳ್ಳುವವರಿಗೆ ಜಾಗ ಮೊದಲೇ ಹೇಳಿ: ವಿದ್ಯುತ್ ತಂತಿಯ ಕೆಳಗೆ ಬೇಡ, ಮನೆಯ ಗೋಡೆಯಿಂದ ಕನಿಷ್ಠ ಹತ್ತು ಮೀಟರ್ ದೂರವಿರಲಿ, ಬಾವಿಕಟ್ಟೆಗೆ ತಾಗಿಯೂ ಬೇಡ.